ಮೀಟಾಳ ಮೂಗು, ನನ್ನ ಇಂಗ್ಲಿಷು

ಮೀಟಾ ಫೋರ್ಟೇನಳ ಕುರ್ಚಿ ಹೋಗಿದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬೇರೆಯವರ ಬಾಯಲ್ಲಿ ಕೇಳಿ ನೀವು ಹುಬ್ಬೇರಿಸುವುದು ಬೇಡ. ಬೇಕಂತ ಮಾಡಿದ್ದಲ್ಲ. ಒಂದು ಪದ ಟೈಪು ಮಾಡಿದೆ, ಅಷ್ಟೇ. ನಮ್ಮೂರಿನ ಯಾರನ್ನು ಬೇಕಾದರೂ ಕೇಳಿ, ಆ ಪದ ಸರಿ ಎಂದೇ ಹೇಳುತ್ತಾರೆ.

ನಾನು ಉರ್ಸುಲಾ. ಕೇಪ್ ಸೀಮೆಯ ಎಲ್ಗಿನ್ ಕಣಿವೆಯಲ್ಲಿರುವ ಮಿಸ್ಟ್‌ಕ್ಲೋಫ್ ತೋಟದ ಆಫೀಸಿನಲ್ಲಿ ಕೂತು ಕಾಗದ ಪತ್ರ ಬರೆಯುವವಳು. ನಮ್ಮ ತೋಟದಲ್ಲಿ ಮೊದಲು ಬರೀ ಸೇಬು ಇತ್ತು, ಆಮೇಲೆ ಅರ್ಧ ಕಿತ್ತು ದ್ರಾಕ್ಷಿ ಹಾಕಿದರು. ಬೆಳಗ್ಗೆ ಹತ್ತು ಗಂಟೆಯವರೆಗೆ ಮಂಜು ಏಳುವುದಿಲ್ಲ, ಮಧ್ಯಾಹ್ನವೇ ಸಮುದ್ರದ ಕಡೆಯಿಂದ ತಣ್ಣನೆ ಗಾಳಿ ಶುರುವಾಗುತ್ತದೆ. ಆಚೆಯ ಬಿಸಿಲು ಬಯಲಿಗಿಂತ ಮೂರು ವಾರ ತಡವಾಗಿ ನಮ್ಮ ದ್ರಾಕ್ಷಿ ಹಣ್ಣಾಗುತ್ತದೆ. ವೈನು ಮಾಡುವ ನೀಲ್ಸ್ ಹೇಳುವ ಪ್ರಕಾರ ನಮ್ಮ ವೈನಿನ ರುಚಿಯೆಲ್ಲ ಆ ಮೂರು ವಾರದಲ್ಲೇ ಇದೆ. ಮೀಟಾ ಹೇಳುವ ಪ್ರಕಾರ ನಮ್ಮೆಲ್ಲರ ಮಂಡಿನೋವೂ ಅಲ್ಲೇ ಇದೆ.

ಮೀಟಾ ಹದಿನೇಳನೇ ವಯಸ್ಸಿಗೆ ಸೇಬು ತುಂಬುವ ಶೆಡ್ಡಿಗೆ ಬಂದವಳು. ಪೆಟ್ಟಿಗೆ ಮುಚ್ಚಲು ಹೋದರೆ ತಡೆಯುತ್ತಿದ್ದಳು. "ಇದ್ರಲ್ಲೊಂದು ಕೊಳ್ತಿದೆ, ತೆಗೀರಿ" ಅನ್ನುತ್ತಿದ್ದಳು. ಮೇಸ್ತ್ರಿ ಬೈದುಕೊಂಡು ತುಂಬಿದ್ದನ್ನೆಲ್ಲ ಹೊರಗೆ ತೆಗೆದರೆ ಮೂರನೇ ಸಾಲಿನಲ್ಲಿ ಒಂದು ಸೇಬು ತೊಟ್ಟಿನ ಹತ್ತಿರ ಕಂದು ತಿರುಗಿರುತ್ತಿತ್ತು. ಎರಡು ಸಲ ಹೀಗಾದ ಮೇಲೆ ಮೇಸ್ತ್ರಿ ಬೈಯುವುದು ಬಿಟ್ಟ. ಅವಳಿಗೆ ಗಂಡನೂ ಇದ್ದ. ಮೀನು ಹಿಡಿಯುವ ದೋಣಿಗೆ ಅಂತ ಕರಾವಳಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿಕೊಂಡ. "ಹೋಗೋಕೆ ಒಂದು ವಾರ ಮುಂಚೇನೇ ಅವನ ಅಂಗೀಲಿ ಬೇರೆ ಮನೆ ಸೋಪಿನ ವಾಸನೆ ಬಂದಿತ್ತು" ಅಂತ ಮೀಟಾ ಹೇಳುತ್ತಾಳೆ. ಅಳುತ್ತಾ ಹೇಳುವುದಿಲ್ಲ, ಹವಾಮಾನ ಹೇಳಿದ ಹಾಗೆ ಹೇಳುತ್ತಾಳೆ.

ದ್ರಾಕ್ಷಿ ಬಂದ ಮೇಲೆ ಅವಳನ್ನು ವೈನ್ ಮನೆಯಲ್ಲಿ ಲೋಟ ತೊಳೆಯಲು ಹಾಕಿದರು. ಒಂದು ದಿನ ಒಂದು ಗಾಜಿನ ಲೋಟ ಹಿಡಿದುಕೊಂಡು ಸೀದಾ ನೀಲ್ಸ್ ಹತ್ತಿರ ಹೋಗಿ ನಿಂತಳು.

"ಈ ಬಾಟ್ಲಿ ಯಾರಿಗೂ ಕೊಡಬೇಡಿ."

"ಯಾಕೆ? ಏನಾಗಿದೆ?"

"ಒದ್ದೆ ಗೋಣಿಚೀಲ ಮೂಲೇಲಿ ಬಿದ್ದು ಬೂಷ್ಟು ಹಿಡಿದಿದೆ ಇದ್ರೊಳಗೆ."

ನೀಲ್ಸ್ ಮೂಸಿ ನೋಡಿದ, ಏನೂ ಸಿಗಲಿಲ್ಲ. ನಕ್ಕು ಕಳಿಸಿದ. ಅರ್ಧ ಗಂಟೆ ಬಿಟ್ಟು ಮತ್ತೆ ಮೂಸಿದಾಗ ಅವನ ಮುಖ ನೋಡಬೇಕಿತ್ತು. ಬಿರಡೆ ಕೆಟ್ಟಿತ್ತು. ಅದೇ ವಾರ ಇನ್ನೂ ಮೂರು ಬಾಟಲಿ ಹಾಗೇ ಹಿಡಿದುಕೊಟ್ಟಳು. ವೈನ್ ಮನೆಯ ಹಿಂದಿನ ಕೋಣೆಯಲ್ಲಿ ರುಚಿ ನೋಡುವ ಮೇಜು ಇದೆ. ಅದಕ್ಕೆ ಆಗ ಎರಡೇ ಕುರ್ಚಿ ಇದ್ದವು, ಒಂದು ನೀಲ್ಸ್‌ನದು, ಇನ್ನೊಂದು ತೋಟದ ಒಡೆಯರದು, ಅವರು ಬರುವುದು ವರ್ಷಕ್ಕೆ ಎರಡು ಸಲ. ನೀಲ್ಸ್ ಊಟದ ಮನೆಯಿಂದ ಮೂರನೇ ಕುರ್ಚಿ ತಂದು ಹಾಕಿದ. ಅವತ್ತಿನಿಂದ ಇಪ್ಪತ್ತು ವರ್ಷ ಅದು ಮೀಟಾಳ ಕುರ್ಚಿ. ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ, ಪೆನ್ಸಿಲ್ ಹಿಡಿದುಕೊಂಡು.

ನಮ್ಮಂಥವರ ಮನೆಯ ಹೆಂಗಸು ಆ ಮೇಜಿಗೆ ಕೂತಿದ್ದು ಎಷ್ಟು ದೊಡ್ಡದು ಅಂತ ನಾನು ವಿವರಿಸಲು ಹೋಗುವುದಿಲ್ಲ. ಅವಳ ಅಪ್ಪನ ಕಾಲದಲ್ಲಿ ಕೂಲಿಯ ಒಂದು ಪಾಲನ್ನು ವೈನಿನಲ್ಲೇ ಅಳೆದು ಕೊಡುತ್ತಿದ್ದರು, ದಿನಕ್ಕೆ ನಾಲ್ಕು ತಗಡಿನ ಲೋಟ. ಆ ಲೋಟವೇ ಆತನನ್ನು ಮುಗಿಸಿತು. ಅದಕ್ಕೇ ಮೀಟಾ ಒಂದು ಗುಟುಕೂ ನುಂಗುವುದಿಲ್ಲ. ಬಾಯಿಗೆ ಹಾಕುತ್ತಾಳೆ, ನಾಲಿಗೆಯಲ್ಲಿ ತಿರುಗಿಸುತ್ತಾಳೆ, ಬಕೆಟ್ಟಿಗೆ ಉಗಿಯುತ್ತಾಳೆ. ಲೇಬಲ್ ಅಂಟಿಸುವ ಹುಡುಗಿಯರು ರೇಗಿಸುತ್ತಿದ್ದರು, "ಲೋಕದೋರೆಲ್ಲ ದುಡ್ಡು ಕೊಟ್ಟು ಕುಡೀತಾರೆ, ನಮ್ಮ ಮೀಟಾ ಆಂಟಿ ದುಡ್ಡು ಇಸ್ಕೊಂಡು ಉಗೀತಾರೆ."

"ನಿಮ್ಮ ಗಂಡಂದಿರೂ ಉಗಿಯೋದು ಕಲೀಲಿ, ಸಂಸಾರ ಉದ್ಧಾರ ಆಗುತ್ತೆ" ಅನ್ನುತ್ತಿದ್ದಳು ಮೀಟಾ.

ಮೇಜಿಗೆ ಕೂತರೆ ಅವಳು ಹೇಳುವುದು ಹಾಜರಿ ಕೂಗಿದ ಹಾಗೆ ಇರುತ್ತಿತ್ತು. ಸೋವಿನ್ಯೋನ್ ಬಿಳಿ ವೈನು ಕೊಟ್ಟರೆ, "ಅಂಜೂರದ ಎಲೆ ಕಿತ್ತಾಗ ಬೆರಳಿಗೆ ಅಂಟೋ ಹಾಲು. ಹಸಿ ಬಟಾಣಿ ಸಿಪ್ಪೆ. ಹಿಂದೆ ಒದ್ದೆ ಕಲ್ಲು." ಪೀನೋ ನ್ವಾರ್ ಅನ್ನುವ ತೆಳು ಕೆಂಪು ವೈನು ಕೊಟ್ಟರೆ, "ಮಳೆ ನಿಂತ ಮೇಲೆ ಪೈನ್ ಮರದ ಕೆಳಗಿನ ಮಣ್ಣು. ಮೇಲೆ ಹುಳಿ ಪ್ಲಮ್ಮು. ಕೊನೇಲಿ ಹಾಲು ಹಾಕದ ರೂಯ್‌ಬೋಸ್ ಚಹಾ, ಸ್ವಲ್ಪ ಆರಿದ್ದು." ಒಂದೊಂದು ಸಲ ಜಗಳವೂ ಆಗುತ್ತಿತ್ತು. ಒಂದು ವರ್ಷ ಪೀನೋದಲ್ಲಿ ಚರ್ಚಿನ ಬೆಂಚಿಗೆ ಹಚ್ಚುವ ಪಾಲಿಶಿನ ವಾಸನೆ ಇದೆ ಅಂದಳು. ನೀಲ್ಸ್ ಇಲ್ಲ ಅಂದ. "ನೀವು ಚರ್ಚಿಗೆ ಬಂದು ಎಷ್ಟು ವರ್ಷ ಆಯ್ತು? ಗೊತ್ತಾಗೋದು ಹ್ಯಾಗೆ?" ಅಂದಳು. ನೀಲ್ಸ್ ಆ ಪೀಪಾಯಿ ಬೇರೆ ಇಟ್ಟ. ಎರಡು ತಿಂಗಳಿಗೆ ಅದು ಪೂರ್ತಿ ಕೆಟ್ಟಿತು.

ಇದನ್ನೆಲ್ಲ ಅವಳು ನಮ್ಮ ಭಾಷೆಯಲ್ಲಿ ಹೇಳುವಳು. ಅವಳಿಗೆ ಇಂಗ್ಲಿಷು ಅಷ್ಟಕ್ಕಷ್ಟೇ. ನಾನು ಬರೆದುಕೊಂಡು, ಇಂಗ್ಲಿಷಿಗೆ ತಿರುಗಿಸಿ, ವೈನಿನ ಜೊತೆ ಹೊರದೇಶಕ್ಕೆ ಹೋಗುವ ಹಾಳೆಗೆ ಟೈಪು ಮಾಡುವೆ. ಮಿಷನ್ ಶಾಲೆಯಲ್ಲಿ ಇಂಗ್ಲಿಷಿಗೆ ಮೊದಲ ಬಹುಮಾನ ತೆಗೆದುಕೊಂಡವಳು ನಾನು. ಮೀಟಾ ನನ್ನನ್ನು "ಇಂಗ್ಲಿಷ್ ರಾಣಿ" ಅಂತಲೇ ಕರೆಯುತ್ತಿದ್ದಳು. ನನಗೆ ಒಳಗೊಳಗೇ ಖುಷಿ.

ಆ ವರ್ಷ ಸೆಪ್ಟೆಂಬರಿನಲ್ಲಿ ಶಾರ್ಡೊನೇ ಅನ್ನುವ ಇನ್ನೊಂದು ಬಿಳಿ ವೈನಿನ ರುಚಿ ನೋಡಲು ಕೂತರು. ಮೀಟಾ ಆಗಸ್ಟಿನಲ್ಲಿ ಒಂದು ವಾರ ಜ್ವರ ಬಂದು ಮಲಗಿ ಎದ್ದಿದ್ದಳು, ಮುಖ ಸ್ವಲ್ಪ ಇಳಿದಿತ್ತು. ಲೋಟ ಎತ್ತಿ ಮೂಸಿದವಳು ತುಂಬ ಹೊತ್ತು ಕೆಳಗಿಡಲಿಲ್ಲ. ಆಮೇಲೆ ನಕ್ಕಳು.

"ಅಪೆಲೀಫಿ" ಅಂದಳು.

ಬೇಲಿ ಪಕ್ಕ ತಾನಾಗೇ ಹುಟ್ಟುವ ಹಣ್ಣು ಅದು. ಒಣಗಿದ ಕಾಗದದಂಥ ಸಿಪ್ಪೆ ಬಿಡಿಸಿದರೆ ಒಳಗೆ ಗೋಲಿಯಷ್ಟು ದಪ್ಪದ ಹೊಂಬಣ್ಣದ ಹಣ್ಣು, ಸಿಹಿ, ಚೂರು ಹುಳಿ. ಶಾಲೆಯಿಂದ ಬರುವಾಗ ಜೇಬು ತುಂಬ ತುಂಬಿಕೊಂಡು ಬೈಸಿಕೊಳ್ಳದವರು ನಮ್ಮಲ್ಲಿ ಯಾರೂ ಇಲ್ಲ.

"ಚೆನ್ನಾಗಿ ಕಳಿತಿರೋ ಅಪೆಲೀಫಿ. ಆಮೇಲೆ ನಿಂಬೆ ಸಿಪ್ಪೆ. ಆಮೇಲೆ ಬ್ರೆಡ್ಡು ಸುಟ್ಟಾಗ ಅಂಚು ಕೆಂಪಾಗುತ್ತಲ್ಲ, ಅದು. ನೀಲ್ಸ್, ಇಂಥಾದ್ದು ನೀವು ಯಾವತ್ತೂ ಮಾಡಿರ್ಲಿಲ್ಲ."

ನೀಲ್ಸ್ ಮೂಸಿದ. "ಹೌದು ಮಾರಾಯ್ತಿ! ಅಪೆಲೀಫಿ!" ಅಂದ.

ನಾನು ಆಫೀಸಿಗೆ ಬಂದು ಟೈಪು ಮಾಡಿದೆ. ಅಪೆಲೀಫಿಗೆ ಇಂಗ್ಲಿಷಿನಲ್ಲಿ ಗೂಸ್‌ಬೆರಿ. ಯೋಚಿಸುವಂಥದ್ದೇನೂ ಇರಲಿಲ್ಲ. ಗ್ರಾಬೌ ಪೇಟೆಯ ಅಂಗಡಿಯಲ್ಲಿ ಜ್ಯಾಮಿನ ಡಬ್ಬಿಯ ಮೇಲೆ ಆ ಹಳದಿ ಹಣ್ಣಿನ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ಗೂಸ್‌ಬೆರಿ. ಹುಟ್ಟಿದಾಗಿನಿಂದ ನೋಡಿದ್ದೇನೆ. 'ಕಳಿತ ಗೂಸ್‌ಬೆರಿ, ನಿಂಬೆ ಸಿಪ್ಪೆ, ಸುಟ್ಟ ಬ್ರೆಡ್ಡು' ಅಂತ ಬರೆದೆ. ನೀಲ್ಸ್ ಓದಿ ಸಹಿ ಹಾಕಿದ.

ಅಕ್ಟೋಬರ್ ಕೊನೆಗೆ ಇಂಗ್ಲೆಂಡಿನಿಂದ ವೈನು ಕೊಳ್ಳುವವನು ಬಂದ, ಥ್ವೇಟ್ ಅಂತ. ನಮ್ಮ ಗಾಳಿ ಗೊತ್ತಿಲ್ಲದೆ ಚಡ್ಡಿ ಹಾಕಿಕೊಂಡು ಬಂದಿದ್ದ, ಮೊಣಕಾಲು ಕೆಂಪು ಕೆಂಪಾಗಿತ್ತು. ಕೆಟ್ಟ ಮನುಷ್ಯನಲ್ಲ. ಎಲ್ಲರ ಕೈ ಕುಲುಕಿದ, ನನ್ನದೂ. ಅವನು ಒಡೆಯರ ಕುರ್ಚಿಯಲ್ಲಿ ಕೂತ. ಶಾರ್ಡೊನೇ ಕುಡಿದು ಕಣ್ಣರಳಿಸಿದ. ಬೊಂಬಾಟಾಗಿದೆ, ಇಡೀ ಸರಕು ನನಗೇ ಬೇಕು ಅಂದ. ಆಮೇಲೆ ನನ್ನ ಹಾಳೆ ಓದಿದ. ಹುಬ್ಬು ಗಂಟಾಯಿತು.

"ಗೂಸ್‌ಬೆರಿಯೇ? ಎಲ್ಲಿದೆ?"

ಮತ್ತೆ ಮೂಸಿದ. ಬೇರೆ ಲೋಟಕ್ಕೆ ಸುರಿಸಿಕೊಂಡು ಇನ್ನೊಮ್ಮೆ ಮೂಸಿದ.

"ಇದರಲ್ಲಿ ಗೂಸ್‌ಬೆರಿ ಹೆಸರಿಗೂ ಇಲ್ಲ. ಅಜ್ಜಿ ಮನೆ ಹಿತ್ತಿಲಲ್ಲಿ ಗೂಸ್‌ಬೆರಿ ತಿಂದುಕೊಂಡೇ ಬೆಳೆದವನು ನಾನು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ."

ನೀಲ್ಸ್ ಮುಂದಿನ ಬಾಟಲಿ ತೆಗೆದ, ಸೋವಿನ್ಯೋನ್. ಥ್ವೇಟ್ ಒಂದೇ ಸಲ ಮೂಸಿ ಮೇಜು ಕುಟ್ಟಿದ. "ಇಗೋ! ಗೂಸ್‌ಬೆರಿ ಇಲ್ಲಿದೆ! ತುಂಬಿ ತುಳುಕುತ್ತಿದೆ! ನಿಮ್ಮವರು ಲೋಟ ಅದಲು ಬದಲು ಮಾಡಿಕೊಂಡಿದ್ದಾರೆ!"

ಅವನು ನಕ್ಕ. ಅತಿಥಿ ನಕ್ಕರೆ ಎಲ್ಲರೂ ನಗಲೇಬೇಕು, ನಾವೂ ನಕ್ಕೆವು. ಮೀಟಾ ಮಾತ್ರ ನಗಲಿಲ್ಲ, ಅವಳಿಗೆ ಅರ್ಥವಾಗಿರಲಿಲ್ಲ. ನನ್ನ ತೋಳು ಹಿಡಿದು ಕೇಳಿದಳು, "ಏನಂತೆ?"

ಇಲ್ಲಿ ನಾನು ಎರಡನೇ ಸಲ ತಪ್ಪು ಮಾಡಿದೆ, ಅದೂ ಅಷ್ಟೇ ನಿಯತ್ತಿನಿಂದ. "ಅಪೆಲೀಫಿ ಇದ್ರಲ್ಲಿ ಇಲ್ವಂತೆ ಮೀಟಾ. ಅದ್ರಲ್ಲಿ ಇದ್ಯಂತೆ" ಅಂದೆ.

ಅವಳು ಸೋವಿನ್ಯೋನ್ ಲೋಟ ಎತ್ತಿಕೊಂಡು ಮೂಸಿದಳು. ಶಾರ್ಡೊನೇ ಮೂಸಿದಳು. ಮತ್ತೆ ಸೋವಿನ್ಯೋನ್. ಥ್ವೇಟ್ ಕಾಯುತ್ತಿದ್ದ, ಮುಗುಳ್ನಗುತ್ತಾ. ಅವಳು ಲೋಟ ಕೆಳಗಿಟ್ಟು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಅವನು ಹೋದ ಮೇಲೆ ನೀಲ್ಸ್ ಬೈಯಲಿಲ್ಲ. ಬೈದಿದ್ದರೆ ಮೀಟಾ ತಿರುಗಿ ಬೈಯುತ್ತಿದ್ದಳು, ಎಲ್ಲ ಸರಿಹೋಗುತ್ತಿತ್ತೋ ಏನೋ. "ಆಗಸ್ಟಲ್ಲಿ ಜ್ವರ ಬಂದಿತ್ತಲ್ಲ ಮೀಟಾ, ಮೂಗು ಇನ್ನೂ ಸರಿಯಾಗಿಲ್ಲ. ಸ್ವಲ್ಪ ದಿನ ಸುಧಾರಿಸ್ಕೋ" ಅಂದ, ಮಗುವಿಗೆ ಹೇಳಿದ ಹಾಗೆ.

"ನಿಮಗೂ ಬಂದಿತ್ತಲ್ಲ ಅಪೆಲೀಫಿ?"

"ನೀನು ಹೇಳಿದ್ಮೇಲೆ ನನಗೂ ಬಂದ ಹಾಗಾಯ್ತು" ಅಂದ ನೀಲ್ಸ್.

ಮಾರನೇ ದಿನ ಅವಳೇ ಆಫೀಸಿಗೆ ಬಂದಳು. ತನ್ನನ್ನು ಲೇಬಲ್ ಅಂಟಿಸುವ ಕಡೆ ಹಾಕಿ ಅಂದಳು. "ನಮ್ಮ ಕಣ್ಣೆದುರಿನ ಬೇಲೀಲಿ ಬೆಳೆಯೋ ಹಣ್ಣು. ಅದನ್ನೇ ಇಲ್ದಿರೋ ಕಡೆ ಇದೆ ಅಂದೆ, ಇರೋ ಕಡೆ ಇಲ್ಲ ಅಂದೆ. ಇಂಥ ಮೂಗಿಗೆ ಕುರ್ಚಿ ಯಾಕೆ?" ನೀಲ್ಸ್ ಬೇಡ ಅಂದ, ಆದರೆ ಎರಡು ಸಲ ಹೇಳಲಿಲ್ಲ. ಮೂರನೇ ಕುರ್ಚಿ ಮತ್ತೆ ಊಟದ ಮನೆಗೆ ಹೋಯಿತು.

ಲೇಬಲ್ ಅಂಟಿಸುವುದರಲ್ಲಿ ತಪ್ಪೇನಿಲ್ಲ, ಸಂಬಳವೂ ಅಷ್ಟೇ ಇತ್ತು. ಕೆಟ್ಟಿದ್ದು ಬೇರೆ. ಮೀಟಾ ತನ್ನ ಮೂಗನ್ನು ನಂಬುವುದನ್ನೇ ಬಿಟ್ಟಳು. ವೈನಿನ ವಿಷಯದಲ್ಲಿ ಮಾತ್ರವಲ್ಲ, ಎಲ್ಲದರಲ್ಲೂ. ಬೆಳಗ್ಗೆ ಹಾಲಿನ ಪಾತ್ರೆ ಹಿಡಿದುಕೊಂಡು ಪಕ್ಕದ ಮನೆ ಸೋಫಿಯ ಬಾಗಿಲಿಗೆ ಹೋಗುವಳು, "ಕೆಟ್ಟಿದ್ಯಾ ನೋಡು" ಅಂತ. ಸೋಫಿ ಮೊದಲ ತಿಂಗಳು ನಕ್ಕು ನೋಡಿಕೊಟ್ಟಳು. ಆಮೇಲೆ, "ಹಾಲು ಕೊಟ್ಟ ಹಸುಗೂ ಇಷ್ಟು ಅನುಮಾನ ಇಲ್ಲ ಕಣೇ" ಅಂತ ರೇಗತೊಡಗಿದಳು. ಮಧ್ಯಾಹ್ನ ಊಟಕ್ಕೆ ಕೂತರೆ ಮೀಟಾ ನನ್ನ ಕಡೆಗೆ ಡಬ್ಬಿ ತಳ್ಳುವಳು. "ಉರ್ಸಿ, ಈ ಮೀನು ಸರಿಯಾಗಿದ್ಯಾ?" ನಾನು ಮೂಸಿ ಸರಿಯಾಗಿದೆ ಅನ್ನುವೆ. ಅವಳು ತಿನ್ನುವಳು. ನನ್ನ ಮೂಗಿನ ಯೋಗ್ಯತೆ ನನಗೆ ಗೊತ್ತು, ಮಡಕೆ ಹೊತ್ತಿ ಹೊಗೆ ಬಂದರೂ ಮೊದಲು ಕಣ್ಣುರಿಯುತ್ತದೆ ನನಗೆ. ಆದರೂ ಇದೆಲ್ಲ ವಯಸ್ಸಿನದು ಅಂದುಕೊಂಡೆ. ಪಾಪ ಅನ್ನಿಸಿತು. ಪಾಪ ಅನ್ನುವುದು ಎಷ್ಟು ಸುಲಭ ನೋಡಿ.

ಕ್ಲಿನಿಕ್ಕಿಗೂ ಹೋಗಿದ್ದಳು. ನರ್ಸು ಟಾರ್ಚು ಬಿಟ್ಟು ಎರಡೂ ಹೊಳ್ಳೆ ನೋಡಿ, ಏನೂ ಆಗಿಲ್ಲ, ಚೆನ್ನಾಗಿದೆ ಅಂದಳಂತೆ. ಅದರಿಂದ ಇನ್ನೂ ಕುಗ್ಗಿದಳು. "ಕೆಟ್ಟಿದ್ರೆ ಮದ್ದು ಹಾಕ್ಬಹುದಿತ್ತು. ಚೆನ್ನಾಗಿರೋ ಮೂಗೇ ಸುಳ್ಳು ಹೇಳಿದ್ರೆ ಏನು ಮಾಡ್ಲಿ ಹೇಳು?"

ಫೆಬ್ರವರಿಯಲ್ಲಿ ಕೊಯ್ಲು ಬಂತು. ಪ್ರತಿ ವರ್ಷ ಅವಳು ಮಂಜಿನಲ್ಲೇ ಸಾಲುಗಳ ನಡುವೆ ನಡೆದು, ಒಂದೊಂದು ಹಣ್ಣು ಕಚ್ಚಿ, ಬೀಜ ಉಗಿದು, ಈ ಸಾಲು ನಾಳಿದ್ದು, ಆ ಸಾಲು ಬುಧವಾರ ಅಂತ ಹೇಳುತ್ತಿದ್ದಳು. ಆ ವರ್ಷ ನೀಲ್ಸ್ ಒಬ್ಬನೇ ಸಕ್ಕರೆ ಅಳೆಯುವ ಉಪಕರಣ ಹಿಡಿದುಕೊಂಡು ಓಡಾಡಿದ. ಮೀಟಾ ಅವನನ್ನು ಲೇಬಲ್ ಕೋಣೆಯ ಕಿಟಕಿಯಿಂದಲೂ ನೋಡಲಿಲ್ಲ, ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದಳು.

ಜೂನ್‌ನಲ್ಲಿ, ನಮ್ಮ ಕಡೆ ಚಳಿ ಜೋರಾಗಿದ್ದಾಗ, ಆಫೀಸಿಗೆ ಒಂದು ಪಾರ್ಸಲ್ ಬಂತು. ಥ್ವೇಟ್ ಕಳಿಸಿದ್ದ. ಶಾರ್ಡೊನೇ ಅವನ ಊರಲ್ಲಿ ಎಲ್ಲ ಖರ್ಚಾಗಿ ಹೋಗಿತ್ತು, ಅದಕ್ಕೆ ಧನ್ಯವಾದ. ಹತ್ತಿ ಸುತ್ತಿದ ಒಂದು ಗಾಜಿನ ಜಾಡಿ, ಜೊತೆಗೊಂದು ಚೀಟಿ. 'ನನ್ನ ಹೆಂಡತಿ ಮಾಡಿದ್ದು, ನಮ್ಮ ಹಿತ್ತಿಲ ಗೂಸ್‌ಬೆರಿ. ನಿಮ್ಮ ರುಚಿ ನೋಡುವ ಅಮ್ಮನಿಗೆ ಕೊಡಿ, ಮುಂದಿನ ಸಲ ಗುರುತು ಸಿಗಲಿ!'

ಜಾಡಿ ಎತ್ತಿ ಬೆಳಕಿಗೆ ಹಿಡಿದೆ. ಒಳಗೆ ಹಸಿರು ಕಾಯಿಗಳು. ಮೈಮೇಲೆ ನರ ಎದ್ದ ಹಾಗೆ ಗೆರೆ, ಸಣ್ಣ ಕೂದಲು ಬೇರೆ. ಪಾಪ, ಹೆಂಗಸು ಬೇರೆ ಯಾವುದೋ ಜಾಡಿ ಹಾಕಿ ಕಳಿಸಿದ್ದಾಳೆ ಅಂದುಕೊಂಡೆ. ಮುಚ್ಚಳದ ಮೇಲೂ ಅವಳ ಕೈಬರಹದಲ್ಲಿ ಗೂಸ್‌ಬೆರಿ ಅಂತಲೇ ಇತ್ತು. ಚಮಚದಲ್ಲಿ ತೆಗೆದು ಬಾಯಿಗೆ ಹಾಕಿಕೊಂಡೆ. ಹಸಿ ಹುಳಿ, ಸೊಪ್ಪಿನ ಒಗರು, ಹಲ್ಲು ಚುಳ್ಳೆಂದಿತು. ಅಪೆಲೀಫಿಗೂ ಇದಕ್ಕೂ ನೆಂಟಸ್ತನವೇ ಇಲ್ಲ.

ಕಪಾಟಿನಿಂದ ದಪ್ಪ ನಿಘಂಟು ತೆಗೆದೆ. ಇಪ್ಪತ್ತು ವರ್ಷದಲ್ಲಿ ಆ ಪದಕ್ಕೆ ನಾನು ನಿಘಂಟು ನೋಡಿರಲಿಲ್ಲ, ಬಹುಮಾನ ತೆಗೆದುಕೊಂಡವಳು ನೋಡುವುದೇ? ಗೂಸ್‌ಬೆರಿ: ಮುಳ್ಳಿನ ಪೊದೆ, ಹಸಿರು ಹುಳಿ ಹಣ್ಣು, ಚಳಿ ದೇಶದ್ದು. ಅದರ ಕೆಳಗೆ ಇನ್ನೊಂದು ಸಾಲು. ಕೇಪ್ ಗೂಸ್‌ಬೆರಿ: ಕಾಗದದಂಥ ಸಿಪ್ಪೆ, ಹೊಂಬಣ್ಣ. ಮುಂದೆ ಆ 'ಕೇಪ್' ಇದ್ದರೆ ನಮ್ಮ ಹಣ್ಣು, ಇಲ್ಲದಿದ್ದರೆ ಅವರ ಹಣ್ಣು. ನಾವು ಇರುವುದೇ ಕೇಪಿನಲ್ಲಿ. ನಮ್ಮ ಹಣ್ಣಿನ ಮುಂದೆ ನಮ್ಮ ಊರಿನ ಹೆಸರನ್ನು ನಾವು ಯಾಕೆ ಹಾಕಿಕೊಳ್ಳುತ್ತೇವೆ? ಜ್ಯಾಮಿನ ಡಬ್ಬಿಯವನೂ ಹಾಕಿರಲಿಲ್ಲ.

ನಾಚಿಕೆಗೇಡು, ಆದರೂ ಹೇಳುತ್ತೇನೆ. ನಾನು ಜಾಡಿಯನ್ನು ಡ್ರಾಯರಿನಲ್ಲಿ ಹಾಕಿ ಬೀಗ ಹಾಕಿದೆ. ನಾಲ್ಕು ದಿನ. ಹೆದರಿಕೆ ಕೆಲಸ ಹೋಗುತ್ತದೆಂದಲ್ಲ, ನಮ್ಮ ತೋಟದಲ್ಲಿ ಒಂದು ಪದಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಇಂಗ್ಲಿಷ್ ರಾಣಿ ಅನ್ನುತ್ತಿದ್ದವಳ ಎದುರಿಗೆ ಹೋಗಿ ನಿಲ್ಲುವುದು ಹೇಗೆ ಅಂತ. ಆ ನಾಲ್ಕು ದಿನವೂ ಅವಳು ಮಧ್ಯಾಹ್ನ ನನ್ನ ಕಡೆಗೆ ಡಬ್ಬಿ ತಳ್ಳಿದಳು. ನಾನು ಮೂಸಿ ಸರಿಯಾಗಿದೆ ಅಂದೆ. ಐದನೇ ದಿನ ಭಾನುವಾರ, ಚರ್ಚು ಬಿಟ್ಟ ಮೇಲೆ ಜಾಡಿ ಹಿಡಿದುಕೊಂಡು ಅವಳ ಮನೆಗೆ ಹೋದೆ.

ಅಡುಗೆ ಮನೆಯಲ್ಲಿ ಟೊಮೇಟೊ ಹಾಕಿ ಕುರಿಮಾಂಸ ಬೇಯಿಸುತ್ತಿದ್ದಳು. ಜಾಡಿ ಮೇಜಿನ ಮೇಲಿಟ್ಟು, ನಿಂತುಕೊಂಡೇ ಎಲ್ಲ ಹೇಳಿದೆ. ಹಾಳೆ, ಡಬ್ಬಿಯ ಚಿತ್ರ, ನಿಘಂಟು, ಥ್ವೇಟ್ ಗೂಸ್‌ಬೆರಿ ಅಂದಿದ್ದನ್ನು ನಾನು ಅವಳಿಗೆ ಅಪೆಲೀಫಿ ಅಂತ ಹೇಳಿದ್ದು. ಅವಳು ಒಲೆ ಸಣ್ಣ ಮಾಡಿದಳು. ಕೈ ಒರೆಸಿಕೊಂಡು ಬಂದು ಒಂದು ಹಸಿರು ಕಾಯಿ ಬಾಯಿಗೆ ಹಾಕಿಕೊಂಡಳು. ಅಗಿದಳು. ಸಿಂಕಿಗೆ ಹೋಗಿ ಉಗಿದಳು, ಅಭ್ಯಾಸ.

"ಇದು ಸೋವಿನ್ಯೋನಲ್ಲಿದೆ" ಅಂದಳು. "ಅವನು ಹೇಳಿದ್ದು ಸರಿ."

"ಹೂಂ."

"ನಾನು ಹೇಳಿದ್ದೂ ಸರಿ."

"ಹೂಂ ಮೀಟಾ. ನೀನು ಹೇಳಿದ್ದೂ ಸರಿ."

ನಗುತ್ತಾಳೇನೋ ಅಂದುಕೊಂಡೆ. ನಿಜ ಹೇಳಬೇಕೆಂದರೆ ನಾವಿಬ್ಬರೂ ಬಿದ್ದು ಬಿದ್ದು ನಗುವುದನ್ನು ದಾರಿಯುದ್ದಕ್ಕೂ ಕಲ್ಪಿಸಿಕೊಂಡು ಬಂದಿದ್ದೆ. ಅವಳು ಕುರ್ಚಿ ಎಳೆದು ಕೂತಳು.

"ಎಂಟು ತಿಂಗಳು ಕಣೇ" ಅಂದಳು. "ಎಂಟು ತಿಂಗಳು ನನ್ನ ಮನೆ ಹಾಲನ್ನ ಸೋಫಿ ಮೂಗಿಂದ ಮೂಸಿಸ್ದೆ. ಹಾಲು ಕೆಟ್ಟಿದೆ ಅಂತ ನನ್ನ ಮೂಗು ಹೇಳೋದು, ಮುಚ್ಕೊಂಡು ಬಿದ್ದಿರು ಅಂತ ಅದಕ್ಕೆ ಹೇಳಿ, ಅವಳ ಬಾಗಿಲಿಗೆ ಹೋಗೋಳು. ಎಷ್ಟು ಸಲ ಗೊತ್ತಾ? ಅವಳು ಬಾಗಿಲು ತೆಗೀದೆ ಒಳಗೇ ಕೂತಿರೋದು ಕೇಳಿಸ್ತಿತ್ತು ನನಗೆ."

"ನನ್ನದು ತಪ್ಪಾಯ್ತು."

"ನಿನಗೆ ಬೈಯೋಕೂ ಆಗಲ್ವಲ್ಲೇ. ನನ್ನ ಕೈಗೆ ಆ ಡಬ್ಬಿ ಕೊಟ್ಟಿದ್ರೆ ನಾನೂ ಅದನ್ನೇ ಬರೀತಿದ್ದೆ." ಆಮೇಲೆ ಜಾಡಿಯ ಮುಚ್ಚಳ ಬಿಗಿಯಾಗಿ ತಿರುಗಿಸಿದಳು. "ಈಗ ಹೋಗು. ಇವತ್ತು ನಿನ್ನ ಮುಖ ನೋಡಕ್ಕಾಗ್ತಿಲ್ಲ ನನಗೆ."

ಹೋದೆ. ದಾರಿಯಲ್ಲಿ ಅತ್ತೆ, ಅದನ್ನು ಮುಚ್ಚಿಡುವುದೇನು.

ಸೋಮವಾರ ನೀಲ್ಸ್‌ಗೆ ಹೇಳಿದೆ. ಅವನು ನಿಘಂಟಿನ ಆ ಎರಡು ಸಾಲು ಮೂರು ಸಲ ಓದಿದ. ಕತ್ತಿನಿಂದ ಕಿವಿಯವರೆಗೂ ಕೆಂಪಾದ. ಸೀದಾ ಲೇಬಲ್ ಕೋಣೆಗೆ ಹೋಗಿ, ಎಲ್ಲ ಹುಡುಗಿಯರ ಎದುರಿಗೇ, "ಮೀಟಾ, ನನಗೂ ಅಪೆಲೀಫಿ ಬಂದಿತ್ತು. ಬಂದ ಹಾಗಾಗಿದ್ದಲ್ಲ, ಬಂದಿತ್ತು. ಅವನ ಎದುರಿಗೆ ಹೇಳೋ ಧೈರ್ಯ ಬರಲಿಲ್ಲ" ಅಂದ. ಯಂತ್ರ ನಿಲ್ಲಿಸಿದ್ದರು, ಎಲ್ಲರಿಗೂ ಕೇಳಿಸಿತು. ಮೀಟಾ ಕೈಯಲ್ಲಿದ್ದ ಲೇಬಲ್ಲನ್ನು ಬಾಟಲಿಗೆ ಅಂಟಿಸಿ, ಅಂಚು ಒತ್ತಿ, ಆಮೇಲೆ ತಲೆಯಾಡಿಸಿದಳು. ನೀಲ್ಸ್ ತಾನೇ ಹೋಗಿ ಊಟದ ಮನೆಯಿಂದ ಕುರ್ಚಿ ಹೊತ್ತುಕೊಂಡು ಬಂದ. ಹುಡುಗಿಯರು ಚಪ್ಪಾಳೆ ಹೊಡೆದರು. ಸೋಫಿ ಆ ಸಂಜೆ ಕೇಕು ಮಾಡಿ ಕಳಿಸಿದಳಂತೆ, ಬಾಗಿಲು ತೆಗೆಯದಿದ್ದಕ್ಕೆ. ನನ್ನ ಜೊತೆ ಮೀಟಾ ಹದಿನೈದು ದಿನ ಮಾತು ಬಿಟ್ಟಿದ್ದಳು. ಆಮೇಲೆ ಒಂದು ಮಧ್ಯಾಹ್ನ ಬಂದು ಪಕ್ಕದಲ್ಲಿ ಕೂತು, "ಸರ್ಕೋ" ಅಂದಳು. ನಾನು ಸರಿದು ಜಾಗ ಕೊಟ್ಟೆ.

ಎಲ್ಲ ಸರಿಹೋಯಿತು ಅಂತ ನಾನು ನಂಬಿದ್ದೆ.

ಆಗಸ್ಟಿನಲ್ಲಿ ಹೊಸ ಶಾರ್ಡೊನೇ ಬೆರೆಸುವ ದಿನ ಬಂತು. ಯಾವ ಪೀಪಾಯಿ ಎಷ್ಟು ಅಂತ ತೀರ್ಮಾನ ಮಾಡುವುದು ಅವತ್ತೇ, ವರ್ಷಕ್ಕೆ ಒಂದೇ ದಿನ. ಹೊರಗೆ ಮಂಜು, ಒಳಗೆ ಮೇಜಿನ ಮೇಲೆ ಎಂಟು ಲೋಟ. ನೀಲ್ಸ್ ಒಂದು ಕಡೆ, ಮೀಟಾ ತನ್ನ ಕುರ್ಚಿಯಲ್ಲಿ, ನಾನು ಸ್ಟೂಲಿನ ಮೇಲೆ. ಈ ಸಲ ಅವಳು ಹೇಳಿದ ಪದವನ್ನು ನಮ್ಮ ಭಾಷೆಯಲ್ಲೇ ಇಂಗ್ಲಿಷ್ ಹಾಳೆಗೂ ಹಾಕುವುದು, ಅರ್ಥವಾಗದವರು ಬಂದು ಬೇಲಿಯಲ್ಲಿ ನೋಡಿಕೊಳ್ಳಲಿ ಅಂತ ನೀಲ್ಸ್ ಮೊದಲೇ ಹೇಳಿದ್ದ. ನಾನು ಹಾಳೆಯ ಮೇಲ್ಗಡೆ 'ಮೀಟಾ ಫೋರ್ಟೇನ್ ಹೇಳಿದಂತೆ' ಅಂತ ಬರೆದು ಗೆರೆ ಎಳೆದೆ.

ಅವಳು ಮೊದಲ ಲೋಟ ಎತ್ತಿ ಮೂಸಿದಳು. ನೀಲ್ಸ್‌ನ ಮುಖ ನೋಡಿದಳು. ಹಾಗೆ ಅವಳು ಯಾರ ಮುಖ ನೋಡಿದ್ದನ್ನೂ ನಾನು ಇಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲ. "ನಿಂಬೆ ಅನ್ಸುತ್ತೆ" ಅಂದಳು. ಎರಡನೇದು, "ಬ್ರೆಡ್ಡೇನೋ." ಮೂರನೇದಕ್ಕೆ ತುಂಬ ಹೊತ್ತು ತೆಗೆದುಕೊಂಡಳು. ಬಾಯಿಗೆ ಹಾಕಿದಳು, ತಿರುಗಿಸಿದಳು, ಉಗಿದಳು. ಆಮೇಲೆ ಲೋಟವನ್ನು ನನ್ನ ಕಡೆಗೆ ಚಾಚಿದಳು.

"ಉರ್ಸಿ, ಮೂಸು. ಏನು ಬರುತ್ತೆ ಹೇಳು."

ತಮಾಷೆ ಅಂದುಕೊಂಡು ನಕ್ಕೆ. ಅವಳು ನಗುತ್ತಿರಲಿಲ್ಲ. ಲೋಟ ತೆಗೆದುಕೊಂಡು ಮೂಗು ಇಟ್ಟೆ.

"ವೈನಿನ ವಾಸನೆ" ಅಂದೆ.

"ಬೇರೆ?"

"ಗೊತ್ತಾಗಲ್ಲ ಮೀಟಾ. ನನಗೆ ಯಾವತ್ತು ಗೊತ್ತಾಗಿದೆ?"

"ಅಪೆಲೀಫಿ ಬರಲ್ವಾ?"

ಹೂಂ ಅಂದುಬಿಡಬೇಕಿತ್ತು. ಸುಳ್ಳಾದರೂ ಹೇಳಬೇಕಿತ್ತು. ಆದರೆ ಅವಳಿಗೆ ಇನ್ನೊಂದು ತಪ್ಪು ಮಾತು ಹೇಳುವ ಧೈರ್ಯ ನನಗೆ ಉಳಿದಿರಲಿಲ್ಲ. "ನನಗೆ ಬರ್ತಿಲ್ಲ" ಅಂದೆ.

ಅವಳು ಲೋಟ ವಾಪಸು ತೆಗೆದುಕೊಂಡು ಮೇಜಿನ ಮೇಲಿಟ್ಟಳು. "ಹಾಗಾದ್ರೆ ಇಲ್ಲ ಬಿಡು" ಅಂದಳು.

"ಇದೆ ಮೀಟಾ!" ನೀಲ್ಸ್ ಅರ್ಧ ಎದ್ದೇಬಿಟ್ಟ. "ಬೇಕಾದಷ್ಟಿದೆ. ಲೋಟ ಎತ್ತೋಕೆ ಮುಂಚೆನೇ ನನಗೆ ಬಂತು. ಹೋದ ವರ್ಷಕ್ಕಿಂತ ಜಾಸ್ತಿ ಇದೆ!"

"ನೀವು ಹೇಳಿದ್ರೆ ಇರ್ಬೇಕು" ಅಂದಳು ಮೀಟಾ, ಸಮಾಧಾನವಾಗಿ, ನಾಲ್ಕನೇ ಲೋಟದ ಕಡೆಗೆ ಕೈ ಚಾಚುತ್ತಾ.

ನೀಲ್ಸ್ ನನ್ನನ್ನು ನೋಡಿದ. ನಾನು ಹಾಳೆಯನ್ನು ನೋಡಿದೆ. ಅವಳ ಹೆಸರಿನ ಕೆಳಗೆ, ಅವಳು ಇದೆ ಅಂತ ಹೇಳದೇ ಹೋದ ಅಪೆಲೀಫಿಯನ್ನು ನಾನೇ ಬರೆದೆ.